ಮಿಡಲ್ ಸ್ಟಂಪ್ ಚೆಂಡಿಗೆ ಆಫ್ ಕಡೆ ವಾಲುವ ಬ್ಯಾಟರ್: ಯಾವ ಡ್ರಿಲ್, ಎಷ್ಟು ಚೆಂಡು?

ಗಾರ್ಡ್ ಮಿಡಲ್:
ಎಲ್ಲರಿಗೂ ನಮಸ್ಕಾರ. 14 ವರ್ಷದ ಹುಡುಗಿ, ಬಲಗೈ ಬ್ಯಾಟರ್, ಒನ್ ಡೌನ್ ಆಡ್ತಾಳೆ. ಆಫ್ ಸ್ಟಂಪ್ ಹೊರಗಿನ ಫುಲ್ ಚೆಂಡಿಗೆ ಡ್ರೈವ್ ಚೆನ್ನಾಗಿದೆ. ತೊಂದರೆ ಒಳಗೆ ಬರೋ ಚೆಂಡಿನದ್ದು. ಮಿಡಲ್–ಲೆಗ್ ಮೇಲೆ ಬಿದ್ದರೆ ದೇಹ ಆಫ್ ಕಡೆಗೆ ವಾಲುತ್ತೆ, ಬ್ಯಾಟು ಅಡ್ಡ ಬರುತ್ತೆ, ಎಲ್‌ಬಿಡಬ್ಲ್ಯು. ತಪ್ಪಿದರೆ ಲೀಡಿಂಗ್ ಎಡ್ಜ್ (ಬ್ಯಾಟಿನ ಮುಖ ಬೇಗ ತಿರುಗಿ ಅಂಚಿಗೆ ತಾಗೋದು) ಆಗಿ ಬೌಲರ್ ಕೈಗೆ ಕ್ಯಾಚ್. ಈಗ ನಡೀತಿರೋ ಪ್ರಾಕ್ಟೀಸ್: ಕನ್ನಡಿ ಮುಂದೆ 10 ನಿಮಿಷ ಶ್ಯಾಡೋ (ಚೆಂಡಿಲ್ಲದೆ ಬ್ಯಾಟ್ ಬೀಸೋದು), ಆಮೇಲೆ ಆಫ್ ಸ್ಟಂಪ್ ಲೈನಿನಲ್ಲಿ ದಿನಕ್ಕೆ 200 ಫುಲ್ ಥ್ರೋಡೌನ್ (ಹತ್ತಿರದಿಂದ ಕೈಯಲ್ಲಿ ಎಸೆಯೋ ಚೆಂಡು). ನೆಟ್ಸಲ್ಲಿ ಎಲ್ಲಾ ಮಿಡಲ್ ಆಗುತ್ತೆ, ಮ್ಯಾಚಲ್ಲಿ ಅದೇ ತಪ್ಪು. ಬ್ಯಾಟು ನೇರ ಬರೋಕೆ ಯಾವ ಡ್ರಿಲ್ ಮಾಡಿಸಬೇಕು?

ನೇರಬ್ಯಾಟು:
ಬ್ಯಾಟು ಅಡ್ಡ ಬರ್ತಿರೋದಕ್ಕೆ ಬ್ಯಾಟು ಕಾರಣ ಅಲ್ಲ, ಅದಕ್ಕೆ ಬರೋಕೆ ಜಾಗ ಇಲ್ಲ. ಮುಂಗಾಲು ಆಫ್ ಸ್ಟಂಪ್ ಎದುರಿಗೆ ಹೋಗಿ ಕೂತಿರುತ್ತೆ. ಚೆಂಡು ಮಿಡಲ್‌ಗೆ ಬರುತ್ತೆ. ಈಗ ಬ್ಯಾಟು ಪ್ಯಾಡನ್ನ ಸುತ್ತಿಕೊಂಡೇ ಚೆಂಡಿನ ಹತ್ತಿರ ಹೋಗಬೇಕು. ಅಲ್ಲಿ ನೇರ ಬ್ಯಾಟಿನ ಡ್ರಿಲ್ ಎಷ್ಟು ಮಾಡಿಸಿದರೂ ವ್ಯರ್ಥ.

ಇನ್ನೊಂದು ಮಾತು, ದಯವಿಟ್ಟು ಬೇಜಾರು ಮಾಡ್ಕೋಬೇಡಿ: ಈ ತಪ್ಪನ್ನ ಕಲಿಸ್ತಿರೋದು ಆ 200 ಥ್ರೋಡೌನೇ ಇರಬಹುದು. ಒಂದೇ ಲೈನು, ಒಂದೇ ಲೆಂತು. ಚೆಂಡು ಎಲ್ಲಿ ಬರುತ್ತೆ ಅಂತ ಕೈಬಿಡೋ ಮೊದಲೇ ಗೊತ್ತು. ಕಾಲು ಚೆಂಡನ್ನ ನೋಡಿ ಹೋಗ್ತಿಲ್ಲ, ಅಭ್ಯಾಸದ ಮೇಲೆ ಹೋಗ್ತಿದೆ. ಮ್ಯಾಚಲ್ಲೂ ಅದೇ ಕಾಲು ಅದೇ ಜಾಗಕ್ಕೆ ಹೋಗುತ್ತೆ, ಚೆಂಡು ಮಾತ್ರ ಬೇರೆ ಕಡೆ ಬರುತ್ತೆ.

ಡ್ರಿಲ್ ಆರಿಸೋ ಮೊದಲು ವಿಡಿಯೋ ತೆಗೀರಿ. ಫೋನಿನ ಸ್ಲೋ ಮೋಷನ್, ಸೆಕೆಂಡಿಗೆ 120 ಫ್ರೇಮ್ ಸಾಕು. ಎರಡು ಕೋನ ಬೇಕು. ಒಂದು ಬೌಲರ್ ಹಿಂದಿನಿಂದ, ಮಿಡಲ್ ಸ್ಟಂಪಿಗೆ ಸರಿಯಾಗಿ, ಬ್ಯಾಟರ್ ಸೊಂಟದ ಎತ್ತರಕ್ಕೆ. ಸ್ವಲ್ಪ ಪಕ್ಕಕ್ಕೆ ಸರಿದರೂ ತಲೆ ಎಲ್ಲಿದೆ ಅನ್ನೋದು ಸುಳ್ಳು ಕಾಣುತ್ತೆ. ಇನ್ನೊಂದು ಪಾಯಿಂಟ್ ಕಡೆಯಿಂದ (ಆಫ್ ಕಡೆ, ಬ್ಯಾಟರ್ ನೇರ ಪಕ್ಕ), ಪಾಪಿಂಗ್ ಕ್ರೀಸಿಗೆ, ಅಂದ್ರೆ ಸ್ಟಂಪಿನ ಮುಂದಿನ ಗೆರೆಗೆ, ಸಮವಾಗಿ. ಮೂರು ಕಡೆ ನಿಲ್ಲಿಸಿ ನೋಡಿ: ಚೆಂಡು ಬೌಲರ್ ಕೈ ಬಿಟ್ಟಾಗ, ಮುಂಗಾಲು ನೆಲ ಮುಟ್ಟಿದಾಗ, ಬ್ಯಾಟಿಗೆ ಚೆಂಡು ತಾಗಿದಾಗ. ಪ್ರತಿ ಫ್ರೇಮಲ್ಲೂ ಮೂಗಿನಿಂದ ನೆಲಕ್ಕೆ ಒಂದು ಗೆರೆ ಎಳೆದ ಹಾಗೆ ಊಹಿಸಿಕೊಳ್ಳಿ. ಮೊದಲ ಫ್ರೇಮಲ್ಲೇ ಆ ಗೆರೆ ಕಾಲ್ಬೆರಳಿನ ಆಚೆ ಬಿದ್ದರೆ ತಪ್ಪು ಸ್ಟ್ಯಾನ್ಸಲ್ಲಿದೆ. ಮೊದಲ ಫ್ರೇಮು ಸರಿ ಇದ್ದು ಎರಡನೇದರಲ್ಲಿ ಹೊರಗೆ ಹೋದರೆ ಹೆಜ್ಜೆಯಲ್ಲಿದೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಮೂರನೇ ಸ್ಲಿಪ್:
ಸ್ಟ್ಯಾನ್ಸಿಗೆ ವಿಡಿಯೋ ಇಲ್ಲದೆಯೂ ಮಾಡಬಹುದಾದ ಎರಡು ಪರೀಕ್ಷೆ ಇದೆ. ಸ್ಟ್ಯಾನ್ಸಲ್ಲಿ ನಿಂತಿರುವಾಗ ಬೆನ್ನಿನ ಮಧ್ಯೆ ಎರಡು ಬೆರಳಿಟ್ಟು ಆಫ್ ಕಡೆಗೆ ಮೆಲ್ಲಗೆ ತಳ್ಳಿ. ಹೆಜ್ಜೆ ಇಟ್ಟು ಸಾವರಿಸಿಕೊಳ್ಳಬೇಕಾಯ್ತು ಅಂದ್ರೆ ಭಾರ ಪೂರ್ತಿ ಬೆರಳ ತುದಿ ಮೇಲಿದೆ. ಅದು ಪಾದದ ಉಬ್ಬಿನ ಮೇಲಿರಬೇಕು, ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ.

ಎರಡನೇದು: ಎಡಗಣ್ಣು ಮುಚ್ಚಿಸಿ. ಬರೀ ಬಲಗಣ್ಣಿಗೆ ಬೌಲರ್ ಕೈ ಪೂರ್ತಿ ಕಾಣಬೇಕು. ಮೂಗು ಅಡ್ಡ ಬರ್ತಿದ್ರೆ ಗದ್ದ ಸಾಕಷ್ಟು ತಿರುಗಿಲ್ಲ. ಎಡ ಭುಜ ಮಿಡ್ ಆಫ್ ಕಡೆಗೆ ಮುಚ್ಚಿಕೊಂಡಿರುವವರಿಗೆ ಇದು ತುಂಬಾ ಸಾಮಾನ್ಯ. ಎಡಪಾದವನ್ನ ಮೂರು ನಾಲ್ಕು ಸೆಂಟಿಮೀಟರ್ ಲೆಗ್ ಕಡೆಗೆ ಸರಿಸಿದರೆ ಭುಜ ತಾನೇ ತೆರೆಯುತ್ತೆ, ಎರಡು ಕಣ್ಣೂ ಸಮಕ್ಕೆ ಬರುತ್ತೆ. ಅದಕ್ಕಿಂತ ಹೆಚ್ಚು ತೆರೆದರೆ ಆಫ್ ಕಡೆ ಡ್ರೈವ್ ಸತ್ತುಹೋಗುತ್ತೆ.

ಗಾರ್ಡ್ ಮಿಡಲ್:
ನೋಡಿದ್ವಿ. ಮೊದಲ ಫ್ರೇಮ್ ಚೆನ್ನಾಗೇ ಇದೆ, ಕಣ್ಣಿನ ಪರೀಕ್ಷೆಯೂ ಸರಿ. ಮುಂಗಾಲು ನೆಲ ಮುಟ್ಟೋ ಹೊತ್ತಿಗೆ ತಲೆ ಆಫ್ ಸ್ಟಂಪ್ ಆಚೆ ಇದೆ. ಅಂದ್ರೆ ಹೆಜ್ಜೆಯದ್ದೇ?

ನೇರಬ್ಯಾಟು:
ಹೆಜ್ಜೆಯದ್ದೇ. ಇನ್ನು ಒಂದು ವಾರ ಆಫ್ ಸ್ಟಂಪ್ ಥ್ರೋಡೌನ್ ಪೂರ್ತಿ ನಿಲ್ಲಿಸಿ.

ಸೀಮೆಸುಣ್ಣದಲ್ಲಿ ಮಿಡಲ್ ಸ್ಟಂಪಿನಿಂದ ಬೌಲರ್ ಕಡೆಗೆ ಎರಡು ಮೀಟರ್ ನೇರ ಗೆರೆ ಎಳೀರಿ. ಎದುರಿಗೆ ಸುಮಾರು 8 ಮೀಟರ್ ದೂರದಲ್ಲಿ ಎರಡು ಕೋನ್: ಒಂದು ಬೌಲರ್ ಕಡೆಯ ಸ್ಟಂಪ್‌ಗಳ ನೇರಕ್ಕೆ, ಇನ್ನೊಂದು ಮಿಡ್ ಆನ್ ಕಡೆಗೆ ಎರಡು ಮೀಟರ್ ಬಿಟ್ಟು. ಇದು ಗೇಟು. ಎಸೆಯೋರು 6 ಮೀಟರ್ ದೂರದಲ್ಲಿ, ಗೇಟಿಗೆ ಅಡ್ಡ ಬಾರದ ಹಾಗೆ ಆಫ್ ಕಡೆಗೆ ಸರಿದು, ಅಂಡರ್‌ಆರ್ಮಲ್ಲಿ ಮಿಡಲ್ ಮತ್ತು ಲೆಗ್ ಲೈನಿಗೆ ಎಸೀಬೇಕು. ಟೆನಿಸ್ ಬಾಲಲ್ಲೇ ಶುರು ಮಾಡಿ. ನೇರ ಹೊಡೆತ ಎಸೆಯೋರ ಮೈಮೇಲೆ ಬರೋ ಡ್ರಿಲ್ ಇದು, ಗಟ್ಟಿ ಚೆಂಡಾದರೆ ಮುಂದೆ ನೆಟ್ ಪರದೆ ಇಲ್ಲದೆ ಮಾಡಲೇಬೇಡಿ.

ಬ್ಯಾಟರ್ ಮಾಡಬೇಕಾದ್ದು ಒಂದೇ: ಮುಂಗಾಲು ಗೆರೆಯ ಮೇಲೆ ಅಥವಾ ಅದರ ಲೆಗ್ ಕಡೆಗೆ ಇಳಿಸಿ, ಚೆಂಡನ್ನ ನೆಲದ ಮೇಲೆ ಗೇಟಿನೊಳಗೆ ಕಳಿಸೋದು. ದೊಡ್ಡ ಹೆಜ್ಜೆ ಬೇಡ. ಲೆಗ್ ಲೈನ್ ಚೆಂಡಿಗೆ ಹೆಜ್ಜೆ ಚಿಕ್ಕದಾದಷ್ಟೂ ಒಳ್ಳೇದು, ಸೊಂಟ ತಿರುಗೋಕೆ ಜಾಗ ಸಿಗುತ್ತೆ. ಹೊಡೆದ ಮೇಲೆ ಎರಡು ಸೆಕೆಂಡ್ ಹಾಗೇ ನಿಲ್ಲಬೇಕು. ನಿಲ್ಲೋಕೆ ಆಗದೆ ಬಲಗಾಲು ಆಫ್ ಕಡೆಗೆ ಜಾರಿ ಬಂತು ಅಂದ್ರೆ ತಲೆ ಇನ್ನೂ ವಾಲ್ತಿದೆ. ಆ ಚೆಂಡು ಗೇಟಿನೊಳಗೆ ಹೋಗಿದ್ದರೂ ಲೆಕ್ಕಕ್ಕಿಲ್ಲ.

12 ಚೆಂಡು, ಒಂದು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು. 48ಕ್ಕಿಂತ ಹೆಚ್ಚು ಬೇಡ. ಸುಸ್ತಾದ ಕಾಲು ಹಳೇ ಜಾಗಕ್ಕೇ ಹೋಗುತ್ತೆ.

ಕಾಲು ಎಲ್ಲಿಗೆ ಅಂತ ಪ್ರತಿ ಚೆಂಡಿಗೂ ಹೇಳ್ತಾ ಇರಬೇಡಿ. ‘ಎಡ ಭುಜ ಚೆಂಡಿನ ಕಡೆಗೆ’ ಅಂತ ಒಂದೇ ಮಾತು ಸಾಕು. ತಲೆ, ಭುಜ ಚೆಂಡಿನ ಕಡೆ ಹೋದರೆ ಪಾದ ಹಿಂದೆಯೇ ಹೋಗುತ್ತೆ. ಪಾದವನ್ನೇ ಮೊದಲು ಕಳಿಸಿದರೆ ತಲೆ ಹಿಂದೆ ಉಳಿಯುತ್ತೆ, ಚೆಂಡು ಗಾಳಿಯಲ್ಲಿ ಹೋಗುತ್ತೆ.

ಬ್ಯಾಕ್‌ಫುಟ್ ಪಂಚ್:
ಮೇಲಿನದ್ದು ಒಪ್ಪಿಗೆ, ಆದರೆ ಒಂದು ವಾರ ಅನ್ನೋದಕ್ಕೆ ಒಪ್ಪಿಗೆ ಇಲ್ಲ. ಏಳು ದಿನ ಬರೀ ಲೆಗ್ ಲೈನ್ ಆಡಿಸಿದರೆ ಆಗೋದು ಅದೇ ತಪ್ಪು, ದಿಕ್ಕು ಮಾತ್ರ ಬೇರೆ. ಮುಂಗಾಲು ಲೆಗ್ ಕಡೆಗೇ ಅಂಟಿಕೊಳ್ಳುತ್ತೆ, ಆಫ್ ಸ್ಟಂಪ್ ಹೊರಗಿನ ಚೆಂಡಿಗೆ ಕೈ ಮಾತ್ರ ಹೋಗುತ್ತೆ, ಕೀಪರಿಗೆ ಕ್ಯಾಚು.

ಎರಡೇ ದಿನ ಒಂದೇ ಲೈನು. ಮೂರನೇ ದಿನದಿಂದ ಮಿಡಲ್ ಎರಡು, ಆಫ್ ಎರಡು. ಐದನೇ ದಿನದಿಂದ ಯಾವುದೂ ಹೇಳದೆ ಬೆರೆಸಿ. ಬೆರೆಸಿದ ದಿನ ಆಟ ಕೆಟ್ಟ ಹಾಗೆ ಕಾಣುತ್ತೆ, ಎಡ್ಜು ಜಾಸ್ತಿ, ಹುಡುಗಿಗೂ ಬೇಸರ ಆಗುತ್ತೆ. ಅದಕ್ಕೆ ಹೆದರಿ ಹಿಂದಕ್ಕೆ ಹೋಗಬೇಡಿ. ಒಂದೇ ಥರದ ಚೆಂಡು ಆಡಿದಾಗ ಅವತ್ತಿನ ಪ್ರಾಕ್ಟೀಸ್ ಚೆಂದ ಕಾಣುತ್ತೆ. ಬೆರೆಸಿ ಆಡಿದ್ದು ವಾರದ ಮೇಲೂ ಉಳಿಯುತ್ತೆ.

ನೇರಬ್ಯಾಟು:
ಸರಿಯಾದ ಮಾತು. ವಾರ ಅಂದಿದ್ದು ಆಫ್ ಸ್ಟಂಪ್ ಮಾತ್ರ ಎಸೆಯೋದನ್ನ ನಿಲ್ಲಿಸೋಕೆ. ಬೆರೆಸೋದು ನೀವು ಹೇಳಿದ ಹಾಗೆ ಮೂರನೇ ದಿನದಿಂದಲೇ ಇರಲಿ.

ಎಸೆತಗಾರ:
ಬ್ಯಾಟರ್ ಬಗ್ಗೆ ಎಲ್ಲರೂ ಹೇಳಿದ್ದೀರಿ, ಎಸೆಯುವವರ ಬಗ್ಗೆ ಯಾರೂ ಹೇಳಲಿಲ್ಲ. ಅಂಡರ್‌ಆರ್ಮ್ ಮುಗಿದು ಓವರ್‌ಆರ್ಮ್ ಥ್ರೋಡೌನ್‌ಗೆ ಬಂದಾಗ ಹೆಚ್ಚಿನ ಪ್ರಾಕ್ಟೀಸ್ ಕೆಡುವುದು ಇಲ್ಲೇ.

ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿಗೆ 17.68 ಮೀಟರ್. ಬೌಲರ್ ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ಬ್ಯಾಟರಿನ 5 ಮೀಟರ್ ಮುಂದೆ ಬಿದ್ದರೆ, ಅದು ಸುಮಾರು 12.7 ಮೀಟರ್ ಉದ್ದಕ್ಕೆ 2 ಮೀಟರ್ ಇಳಿದಿರುತ್ತದೆ. ಸರಳವಾಗಿ ಹೇಳಿದರೆ 9 ಡಿಗ್ರಿ ಇಳಿಜಾರು. ಈಗ 10 ಮೀಟರ್ ದೂರದಲ್ಲಿ ನಿಂತು ಅದೇ ಎತ್ತರದಿಂದ ಅದೇ ಜಾಗಕ್ಕೆ ಎಸೆಯಿರಿ. 5 ಮೀಟರಿಗೆ 2 ಮೀಟರ್ ಇಳಿಯುತ್ತದೆ, 20 ಡಿಗ್ರಿ ದಾಟಿತು. ಚೆಂಡು ಕಡಿದಾಗಿ ಬಿದ್ದು ಎದೆಗೆ ಏಳುತ್ತದೆ. ಮ್ಯಾಚಿನಲ್ಲಿ ಮುಂದೆ ಹೋಗಿ ಆಡಬೇಕಾದ ಚೆಂಡಿಗೆ ಇಲ್ಲಿ ಹಿಂದೆ ಹೋಗುವುದನ್ನು ಕಲಿಯುತ್ತಾರೆ.

ಪರಿಹಾರ ಸುಲಭ. 12 ಮೀಟರಿಗೆ ಹೋಗಿ, ಒಂದು ಮೊಣಕಾಲೂರಿ ಕುಳಿತು, ಕೈ ಬಿಡುವ ಎತ್ತರ 1.2 ಮೀಟರ್ ಆಗುವಂತೆ ಎಸೆಯಿರಿ. ಇಳಿಜಾರು ಮತ್ತೆ 10 ಡಿಗ್ರಿ ಹತ್ತಿರ ಬರುತ್ತದೆ.

ವೇಗಕ್ಕೂ ಲೆಕ್ಕ ಇದೆ. 12 ಮೀಟರಿನಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಸೆದರೆ ಚೆಂಡು ತಲುಪಲು 0.72 ಸೆಕೆಂಡ್. ಪೂರ್ತಿ ದೂರದಿಂದ 88 ಕಿ.ಮೀ. ಬೌಲರ್ ಕೊಡುವ ಸಮಯವೂ ಅಷ್ಟೇ. ಆದ್ದರಿಂದ 12 ಮೀಟರಿನ ಎಸೆತದ ವೇಗವನ್ನು ಒಂದೂವರೆಯಿಂದ ಗುಣಿಸಿ ನೋಡಿ, ಬ್ಯಾಟರ್‌ಗೆ ಅನಿಸುವ ವೇಗ ಅದು. ಹುಮ್ಮಸ್ಸಿನಲ್ಲಿ 90ಕ್ಕೆ ಎಸೆದರೆ 14 ವರ್ಷದವಳಿಗೆ 130ರ ಬೌಲಿಂಗ್ ಆಡಿಸಿದಂತೆ. ಆಗ ಅವಳು ಕಾಲು ಆಡಿಸುವುದಿಲ್ಲ, ಕೈಯಿಂದ ಬದುಕಿಕೊಳ್ಳುತ್ತಾಳೆ.

ಹೊಸ ಗ್ಲೌಸ್:
ನಡುವೆ ಒಂದು ಪ್ರಶ್ನೆ ಅಣ್ಣಂದಿರೇ. ಅಡ್ಡ ಬ್ಯಾಟಿಗೆ ಟಾಪ್ ಹ್ಯಾಂಡ್ ಡ್ರಿಲ್ ಮಾಡಿ ಅಂತ ಎಲ್ಲಾ ಕಡೆ ಹೇಳ್ತಾರೆ. ಒಂದೇ ಕೈಯಲ್ಲಿ ಹಿಡಿದ್ರೆ ಬ್ಯಾಟು ಇನ್ನೂ ಅಡ್ಡಾದಿಡ್ಡಿ ಹೋಗುತ್ತೆ. ಏನು ತಪ್ಪು ಮಾಡ್ತಿರಬಹುದು?

ಮೂರನೇ ಸ್ಲಿಪ್:
ಬ್ಯಾಟು ಭಾರ ಆಗಿದೆ, ಅಷ್ಟೇ ತಮ್ಮ. ಪೂರ್ತಿ ಬ್ಯಾಟನ್ನ ಹಿಡಿಯ ತುದಿಯಲ್ಲಿ ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ತಡೆಯಲ್ಲ. ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತೆ, ಬ್ಯಾಟಿನ ತುದಿ ಗಲ್ಲಿ ಕಡೆಯಿಂದ ಕುಡುಗೋಲಿನ ಹಾಗೆ ಬೀಸಿ ಬರುತ್ತೆ. ಮಕ್ಕಳ ಬ್ಯಾಟ್, 4 ಅಥವಾ 5ನೇ ಸೈಜ್ ತಗೊಳ್ಳಿ. ಇಲ್ಲದಿದ್ದರೆ ಹಿಡಿಯ ಕೆಳಭಾಗದಲ್ಲಿ, ಬ್ಲೇಡಿನ ಭುಜದ ಹತ್ತಿರ ಹಿಡೀರಿ.

ಒಬ್ಬರು ಆಫ್ ಕಡೆ ಕೈಚಾಚಿ ನಿಂತು ಭುಜದೆತ್ತರದಿಂದ ಟೆನಿಸ್ ಬಾಲ್ ಕೆಳಗೆ ಬಿಡಲಿ, ಬಿಟ್ಟ ತಕ್ಷಣ ಕೈ ಹಿಂದಕ್ಕೆ. ಎರಡನೇ ಪುಟಕ್ಕೆ ಹೊಡೀರಿ. ಗಮನ ಇರಬೇಕಾದ್ದು ಎಡ ಮೊಣಕೈ ಮೇಲೆ: ಚೆಂಡು ತಾಗುವಾಗ ಅದು ಬಾಗಿ, ಎತ್ತರದಲ್ಲಿ, ಬೌಲರ್ ಕಡೆ ಮುಖ ಮಾಡಿರಬೇಕು. ಎಂಟು ಚೆಂಡು, ಎರಡು ಸುತ್ತು. ಮುಂಗೈ ನಡುಗೋಕೆ ಶುರುವಾದ ಮೇಲೆ ಆಡೋ ಪ್ರತಿ ಚೆಂಡೂ ನಷ್ಟ.

ಆಮೇಲೆ ತಕ್ಷಣ ಕೆಳಗಿನ ಕೈ ಸೇರಿಸಿ, ಆದರೆ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಮಾತ್ರ ಹಿಡೀಬೇಕು, ಉಳಿದ ಮೂರು ಬೆರಳು ಬಿಡಿಸಿಕೊಂಡಿರಲಿ. ಇನ್ನು ಹತ್ತು ಚೆಂಡು. ಕೆಳಗಿನ ಕೈ ಮುಷ್ಟಿ ಹಿಡಿದರೆ ಬ್ಯಾಟಿನ ಮುಖ ಚೆಂಡು ಬರೋ ಮೊದಲೇ ಲೆಗ್ ಕಡೆ ಮುಚ್ಚಿಕೊಳ್ಳುತ್ತೆ. ಲೀಡಿಂಗ್ ಎಡ್ಜ್ ಹುಟ್ಟೋದು ಹೀಗೆ.

ನೇರಬ್ಯಾಟು:
ಹಿಡಿತವನ್ನೂ ಒಮ್ಮೆ ನೋಡ್ಕೊಳ್ಳಿ. ಎರಡು ಕೈಯಲ್ಲೂ ಹೆಬ್ಬೆರಳು–ತೋರುಬೆರಳ ನಡುವಿನ ಸಂದು ಒಂದೇ ಗೆರೆಗೆ ಬರಬೇಕು, ಆ ಗೆರೆ ಬ್ಯಾಟಿನ ಬೆನ್ನೆಲುಬಿಗೂ ಹೊರ ಅಂಚಿಗೂ ನಡುವೆ ಇಳೀಬೇಕು. ಕೆಳಗಿನ ಕೈ ಹಿಂದಕ್ಕೆ ಸುತ್ತಿಕೊಂಡಿದ್ದರೆ ಈ ಡ್ರಿಲ್ ಯಾವುದೂ ಹಿಡಿಯಲ್ಲ.

ಎಸೆತಗಾರ:
ಜೊತೆಗೆ ಯಾರೂ ಇಲ್ಲದ ದಿನಕ್ಕೆ ತೂಗುಚೆಂಡು. ಹಳೆಯ ಕಾಲುಚೀಲದಲ್ಲಿ ಚೆಂಡು ಹಾಕಿ ಹಗ್ಗಕ್ಕೆ ಕಟ್ಟಿ. ಮುಂಗಾಲಿನ ಹೊಡೆತಕ್ಕೆ ಪ್ಯಾಡಿನ ಮೊಣಕಾಲು ಮಡಿಕೆಗಿಂತ ಸ್ವಲ್ಪ ಕೆಳಗೆ, ಹಿಂಗಾಲಿನ ಹೊಡೆತಕ್ಕೆ ಸೊಂಟದ ಎತ್ತರಕ್ಕೆ ತೂಗಲಿ. ಹಗ್ಗ ಉದ್ದವಾದಷ್ಟೂ ಚೆಂಡು ನೇರ ಹೋಗಿ ಬರುತ್ತದೆ. ಮೂರು ಮೀಟರಾದರೂ ಬೇಕು.

ಇದರ ನಿಜವಾದ ಉಪಯೋಗ ಹೊಡೆತದಲ್ಲಿಲ್ಲ, ಹೊಡೆದ ನಂತರ ಹಗ್ಗ ಹೇಳುವುದರಲ್ಲಿದೆ. ಬ್ಯಾಟಿನ ಮುಖ ನೇರವಾಗಿದ್ದರೆ ಚೆಂಡು ನೇರ ಹೋಗಿ ಅದೇ ದಾರಿಯಲ್ಲಿ ನೇರ ವಾಪಸ್ ಬರುತ್ತದೆ. ಸ್ವಲ್ಪ ಅಡ್ಡ ಬಂದಿದ್ದರೂ ವಾಪಸ್ ಬರುವಾಗ ಮೊಟ್ಟೆಯಾಕಾರದಲ್ಲಿ ಸುತ್ತು ಹಾಕುತ್ತದೆ. ಕಣ್ಣಿಗೆ ನೇರ ಕಂಡ ಹೊಡೆತವೂ ಹಗ್ಗಕ್ಕೆ ಸಿಕ್ಕಿಬೀಳುತ್ತದೆ. ಸುತ್ತು ಎಡಕ್ಕೋ ಬಲಕ್ಕೋ ಎಂದು ನೋಡಿ ಬರೆದಿಟ್ಟುಕೊಳ್ಳಿ. ಯಾವಾಗಲೂ ಒಂದೇ ಕಡೆಗಾದರೆ ಅದು ಅಭ್ಯಾಸದ ತಪ್ಪು. ಅದಲು ಬದಲಾಗುತ್ತಿದ್ದರೆ ಸಮತೋಲನದ್ದು.

ಆದರೆ ತೂಗುಚೆಂಡು ನಿರ್ಧಾರ ಕಲಿಸುವುದಿಲ್ಲ. ಲೆಂತ್ ಇಲ್ಲ, ಲೈನ್ ಇಲ್ಲ. ಹತ್ತು ನಿಮಿಷ ಸಾಕು.

ಹೊಸ ಗ್ಲೌಸ್:
ಸ್ಟಂಪಿನಲ್ಲಿ ಟೆನಿಸ್ ಬಾಲ್ ಆಡೋದು? ಬ್ರಾಡ್ಮನ್ ಚಿಕ್ಕಂದಿನಲ್ಲಿ ಸ್ಟಂಪ್ ಹಿಡಿದು ಗಾಲ್ಫ್ ಚೆಂಡನ್ನ ನೀರಿನ ಟ್ಯಾಂಕಿನ ಕಟ್ಟೆಗೆ ಹೊಡೀತಿದ್ದರಂತಲ್ಲ.

ಬ್ಯಾಕ್‌ಫುಟ್ ಪಂಚ್:
ಹೌದು, ಕಣ್ಣು ಕೈ ಹೊಂದಾಣಿಕೆಗೆ ಅದು ಬಹಳ ಒಳ್ಳೇದು, ಗೋಡೆಗೆ ಐದು ನಿಮಿಷ ಆಡಿ. ಆದರೆ ಅದರಿಂದ ಬ್ಯಾಟಿನ ದಾರಿ ನೇರ ಆಗುತ್ತೆ ಅಂತ ನಂಬಬೇಡಿ. ಬ್ರಾಡ್ಮನ್ ಅವರ ಬ್ಯಾಕ್‌ಲಿಫ್ಟೇ (ಬ್ಯಾಟನ್ನ ಹಿಂದಕ್ಕೆ ಎತ್ತೋದು) ಸುತ್ತಿಕೊಂಡು ಬರ್ತಿತ್ತು, ಪಾಠದ ನೇರ ಬ್ಯಾಕ್‌ಲಿಫ್ಟ್ ಅಲ್ಲ. ಸ್ಟಂಪು ತುಂಬಾ ಹಗುರ, ಹೇಗೆ ಬೀಸಿದರೂ ಬರುತ್ತೆ. ನೇರ ದಾರಿಗೆ ಬ್ಯಾಟಿನಷ್ಟೇ ತೂಕ ಇರೋ ಕಿರಿದಾದ ಬ್ಯಾಟೇ ಸರಿ.

ಮೂರನೇ ಸ್ಲಿಪ್:
ಮೂಲ ಪ್ರಶ್ನೆಗೆ ಒಂದು ಸೇರಿಸ್ತೀನಿ. ಆಫ್ ಕಡೆ ವಾಲೋರಿಗೆ ಆಫ್ ಸ್ಟಂಪ್ ಎಲ್ಲಿದೆ ಅನ್ನೋದು ಗೊತ್ತಿರಲ್ಲ. ತಲೆಯೇ ಅದರಾಚೆ ಹೋಗಿರೋವಾಗ ಯಾವುದು ಹೊರಗೆ, ಯಾವುದು ಒಳಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಬಿಡೋ ಡ್ರಿಲ್ಲೂ ಇದೇ ಮದ್ದಿನ ಭಾಗ.

ಗುಡ್ ಲೆಂತಲ್ಲಿ ಆಫ್ ಸ್ಟಂಪ್ ಲೈನಿಗೊಂದು, ಅದರಿಂದ 30 ಸೆಂಟಿಮೀಟರ್ ಹೊರಗೊಂದು ಗುರುತು ಹಾಕಿ. ಚಪ್ಪಟೆ ರಬ್ಬರ್ ಬಿಲ್ಲೆ ಇರಲಿ, ಎತ್ತರದ ಕೋನ್ ಬೇಡ, ಚೆಂಡು ತಾಗಿ ಮೇಲೆ ಹಾರುತ್ತೆ. 18 ಚೆಂಡು ಬೆರೆಸಿ ಎಸೀರಿ. ಸ್ಟಂಪಿಗೆ ಬರೋದನ್ನ ಆಡಬೇಕು, ಹೊರಗಿನದ್ದನ್ನ ಬಿಡಬೇಕು. ಬಿಡುವಾಗ ಕೈ ಎತ್ತರಕ್ಕೆ, ಕಣ್ಣು ಚೆಂಡು ಕೀಪರ್ ಜಾಗಕ್ಕೆ ಸೇರೋವರೆಗೂ ಅದರ ಮೇಲೇ. ಸ್ಟಂಪಿನ ಹಿಂದೆ ಒಬ್ಬರು ನಿಂತು, ಬಿಟ್ಟ ಪ್ರತಿ ಚೆಂಡು ಆಫ್ ಸ್ಟಂಪಿನಿಂದ ಎಷ್ಟು ದೂರ ಹೋಯ್ತು ಅಂತ ಬ್ಯಾಟರನ್ನೇ ಕೇಳಬೇಕು. ಅವಳ ಅಂದಾಜು ಒಂದು ಚೆಂಡಿನ ಅಗಲ, ಅಂದ್ರೆ ಏಳು ಸೆಂಟಿಮೀಟರ್ ಒಳಗೆ ಸರಿ ಬರೋಕೆ ಶುರುವಾದರೆ ತಲೆ ಸರಿಯಾದ ಜಾಗಕ್ಕೆ ಬಂದಿದೆ.

ಒಂದು ಹೊಡೆತವನ್ನ ಬಿಟ್ಟುಬಿಡೋದೂ ಟೆಕ್ನಿಕ್ಕೇ. 2004ರ ಸಿಡ್ನಿ ಟೆಸ್ಟಲ್ಲಿ ಸಚಿನ್ ಕವರ್ ಡ್ರೈವನ್ನ ಪಕ್ಕಕ್ಕಿಟ್ಟು ಔಟಾಗದೆ 241 ಹೊಡೆದ ಇನಿಂಗ್ಸ್ ಇಂಥ ಹುಡುಗಿಗೆ ತೋರಿಸಬೇಕು. ಹೊರಗೆ ಹಾಕಿ ಬೇಸತ್ತ ಬೌಲರ್‌ಗಳು ನೇರಕ್ಕೆ ಬಂದಾಗ ಲೆಗ್ ಕಡೆ ರನ್ನು.

ಗಾರ್ಡ್ ಮಿಡಲ್:
ಬೌಲಿಂಗ್ ಮಷೀನ್ ಸಿಗುತ್ತೆ. ಅದರಲ್ಲಿ ಇನ್‌ಸ್ವಿಂಗ್ ಇಟ್ಟು ಆಡಿಸಬಹುದಾ?

ಎಸೆತಗಾರ:
ಎರಡನೇ ವಾರದ ನಂತರ, ವಾರಕ್ಕೊಮ್ಮೆ, 30 ಚೆಂಡು. ಮಷೀನಿಗೆ ಓಟ ಇಲ್ಲ, ಕೈ ಇಲ್ಲ, ಮಣಿಕಟ್ಟು ಇಲ್ಲ. ಬ್ಯಾಟರ್ ಲೆಂತ್ ಓದುವುದು ಅಲ್ಲಿಂದಲೇ. ಚೆಂಡು ಹಾಕುವವರು ಅದನ್ನು ಎತ್ತಿ ತೋರಿಸಿ, ಒಂದೇ ಲಯದಲ್ಲಿ ಕೈ ಇಳಿಸಿ ಹಾಕಬೇಕು. ಇಲ್ಲವಾದರೆ ಚೆಂಡು ಬರುವ ಮುನ್ನ ಬ್ಯಾಟರ್ ಕಾಲು ಸರಿಸುವ ಟ್ರಿಗರ್ ಮೂವ್‌ಮೆಂಟಿನ ಸಮಯವೇ ಕೆಡುತ್ತದೆ.

ಬ್ಯಾಕ್‌ಫುಟ್ ಪಂಚ್:
ಮುಂಗಾಲಿನ ಗಲಾಟೆಯಲ್ಲಿ ಹಿಂಗಾಲು ಮರೀಬೇಡಿ. ಕ್ರೀಸಿನೊಳಗೆ 40 ಸೆಂಟಿಮೀಟರ್ ಹಿಂದೆ, ಪಾಪಿಂಗ್ ಕ್ರೀಸಿಗೆ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆದು, ಬಲಪಾದ ಪೂರ್ತಿ ಅದರ ಮೇಲೆ ಇಳಿಯೋ ಹಾಗೆ ಡಿಫೆನ್ಸ್ ಮಾಡಿಸಿ. ಬೆರಳು ಬೌಲರ್ ಕಡೆ ತಿರುಗಿದರೆ ಸೊಂಟ ತೆರೆದುಕೊಂಡು ಬ್ಯಾಟು ಮತ್ತೆ ಅಡ್ಡ ಬರುತ್ತೆ. 12 ಚೆಂಡು ಸಾಕು.

ಸ್ಪಿನ್ನಿಗೆ ಬೇರೆ ಥ್ರೆಡ್ಡೇ ಬೇಕು. ಒಂದು ಮಾತ್ರ ಹೇಳ್ತೀನಿ: 1998ರಲ್ಲಿ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಎದುರಿಸೋ ಮೊದಲು ಸಚಿನ್, ಲೆಗ್ ಸ್ಟಂಪ್ ಹೊರಗೆ ಪಿಚ್ಚನ್ನ ಕೆರೆದು ಒರಟು ಮಾಡಿಸಿ, ಲಕ್ಷ್ಮಣ್ ಶಿವರಾಮಕೃಷ್ಣನ್ ಅವರಿಂದ ಅದೇ ಜಾಗಕ್ಕೆ ಬೌಲಿಂಗ್ ಮಾಡಿಸಿಕೊಂಡರು. ಚೆನ್ನೈ ಟೆಸ್ಟಿನ ಎರಡನೇ ಇನಿಂಗ್ಸಲ್ಲಿ ಔಟಾಗದೆ 155. ಯಾವ ಚೆಂಡಿಗೆ ಔಟಾಗ್ತೀವೋ ಆ ಚೆಂಡನ್ನೇ ಕೇಳಿ ಪಡೀಬೇಕು.

ನೇರಬ್ಯಾಟು:
ಮೂರನೇ ವಾರದಿಂದ ವಾರದ ಕೊನೇ ದಿನ ಡ್ರಿಲ್ ಇಲ್ಲ, 24 ಚೆಂಡಿನ ಪರೀಕ್ಷೆ. ಪೂರ್ತಿ ಕಿಟ್, ಗಟ್ಟಿ ಚೆಂಡು, ನಿಜವಾದ ಬೌಲರ್ ಸಿಕ್ಕರೆ ಉತ್ತಮ, ಇಲ್ಲದಿದ್ದರೆ 12 ಮೀಟರ್ ಎಸೆತ. ಎಂಟು ಚೆಂಡು ಒಳಗೆ ಬರೋದು, ಎಂಟು ಆಫ್ ಸ್ಟಂಪ್ ಮೇಲೆ, ನಾಲ್ಕು ಬಿಡೋದು, ನಾಲ್ಕು ಶಾರ್ಟ್. ಕ್ರಮವನ್ನ ಮೊದಲೇ ಚೀಟಿಯಲ್ಲಿ ಬರೆದುಕೊಂಡಿರಿ. ಎಸೀತಾ ಎಸೀತಾ ಆರಿಸಿದರೆ ಕೈ ತಾನೇ ಒಂದು ಮಾದರಿಗೆ ಬಿದ್ದುಬಿಡುತ್ತೆ.

ಪ್ರತಿ ಚೆಂಡಿಗೂ ಎರಡೇ ಗುರುತು: ಹಿಡಿತದಲ್ಲಿತ್ತು, ಇರಲಿಲ್ಲ. ರನ್ನು ಬೇಡ. ಒಳಗೆ ಬರೋ ಎಂಟರಲ್ಲಿ ಆರು ಹಿಡಿತದಲ್ಲಿದ್ದರೆ ಮುಂದಿನ ವಾರ ವೇಗ ಹೆಚ್ಚಿಸಿ. ನಾಲ್ಕಕ್ಕಿಂತ ಕಡಿಮೆಯಾದರೆ ಗೆರೆ–ಗೇಟಿಗೆ ಎರಡು ದಿನ ವಾಪಸ್. ಔಟಾದರೆ ಹೊರಗೆ ಹೋಗಿ ಎರಡು ನಿಮಿಷ ಕೂತು, ಮತ್ತೆ ಗಾರ್ಡ್ ತಗೊಂಡು ಬರಬೇಕು. ಔಟಾದ ಮರುಕ್ಷಣ ಮುಂದಿನ ಚೆಂಡು ಸಿಗೋದು ನೆಟ್ಸಲ್ಲಿ ಮಾತ್ರ.

ಮ್ಯಾಚ್ ದಿನ ಗೆರೆ, ಗೇಟು, ಮೊಣಕೈ ಯಾವ ಮಾತೂ ಎತ್ತಬೇಡಿ. ಚೆಂಡನ್ನ ನೋಡು ಅಂತಷ್ಟೇ ಹೇಳಿ ಕಳಿಸಿ.

ಗಾರ್ಡ್ ಮಿಡಲ್:
ತುಂಬಾ ಉಪಕಾರ ಆಯ್ತು. ನಾಳೆಯಿಂದ ಗೆರೆ–ಗೇಟು 48 ಚೆಂಡು, ಟಾಪ್ ಹ್ಯಾಂಡ್ 16, ತೂಗುಚೆಂಡು ಹತ್ತು ನಿಮಿಷ. ವಾರಕ್ಕೊಮ್ಮೆ ಅದೇ ಎರಡು ಕೋನದಲ್ಲಿ ವಿಡಿಯೋ.

ಎಸೆತಗಾರ:
ವಿಡಿಯೋಗೆ ಫೋನ್ ಇಟ್ಟ ಜಾಗವನ್ನು ನೆಲದ ಮೇಲೆ ಗುರುತು ಹಾಕಿಕೊಳ್ಳಿ. ಒಂದಡಿ ಸರಿದರೂ ಎರಡು ವಾರಗಳನ್ನು ಹೋಲಿಸಲಾಗುವುದಿಲ್ಲ. ಓವರ್‌ಆರ್ಮ್ ಎಸೆಯುವವರು 40 ಚೆಂಡಿಗೊಮ್ಮೆ ಬದಲಾಗಲಿ, ಅಥವಾ ಸೈಡ್‌ಆರ್ಮ್ (ಚೆಂಡು ಎಸೆಯುವ ಉದ್ದ ಹಿಡಿಯ ಸಾಧನ) ಬಳಸಲಿ. ಭುಜ ದಣಿದಾಗ ಚೆಂಡು ಮೊದಲು ಶಾರ್ಟ್ ಆಗುತ್ತದೆ, ಆಮೇಲೆ ಲೆಗ್ ಕಡೆ ಜಾರುತ್ತದೆ. ಆಗ ಅವಳ ಕಾಲು ತಪ್ಪಿತೆಂದು ಬೈಯುವ ಮೊದಲು ಚೆಂಡು ಬಿದ್ದ ಗುರುತು ನೋಡಿ.